ಮೂರೇ ಸಿಲಿಂಡರಲ್ಲಿ ಓಡ್ತಿರೋ ಹಳೇ ಗಾಡಿ: ಇಂಜೆಕ್ಟರ್ ಬದಲಾಯಿಸೋಕೆ ಮುಂಚೆ ಇಷ್ಟು ನೋಡಿ

ಪ್ರಶ್ನೆ: ಸರ್, ನಮ್ಮ ತಂದೆಯವರ 2005ರ ಸ್ಯಾಂಟ್ರೋ ಬೆಂಗಳೂರು ವಿಜಯನಗರದ ಮನೆ ಮುಂದೆ ಒಂದೂವರೆ ವರ್ಷದಿಂದ ನಿಂತಲ್ಲೇ ನಿಂತಿತ್ತು. ಈಗ ಹೊಸ ಬ್ಯಾಟರಿ ಹಾಕಿದ್ದೀವಿ, ಸ್ಟಾರ್ಟ್ ಆಗತ್ತೆ, ಆದ್ರೆ ಗಾಡಿ ಪೂರ್ತಿ ನಡುಗತ್ತೆ, ಮಿಸ್ಸಿಂಗ್ ಹೊಡೆಯತ್ತೆ, ಪಿಕಪ್ ಇಲ್ಲವೇ ಇಲ್ಲ. ಗ್ಯಾರೇಜಿನವರು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಜಾಮ್ ಆಗಿದೆ, ನಾಲ್ಕೂ ಬದಲಾಯಿಸ್ಬೇಕು ಅಂತಾರೆ. ನಿಜವಾಗ್ಲೂ ನಾಲ್ಕೂ ಬೇಕಾ? ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟ್ಲಿಯಿಂದ ಸರಿಹೋಗಲ್ವಾ? ಗುಜರಿಯಲ್ಲಿ ಸಿಗೋ ಹಳೇ ಇಂಜೆಕ್ಟರ್ ಹಾಕಬಹುದಾ? ನನ್ನ ಹತ್ರ ಮಲ್ಟಿಮೀಟರ್ ಇದೆ, ಸ್ಪ್ಯಾನರ್ ಸೆಟ್ ಇದೆ, ಮಾಡೋಕೆ ಆಸಕ್ತಿನೂ ಇದೆ.

ಉತ್ತರ: ನಾಲ್ಕೂ ಬದಲಾಯಿಸೋದು ಆಮೇಲಿನ ಮಾತು, ಸದ್ಯಕ್ಕೆ ಒಂದನ್ನೂ ಬದಲಾಯಿಸ್ಬೇಡಿ. ಇಂಜೆಕ್ಟರ್ ಜಾಮ್ ಅಂತ ಬಾಯಲ್ಲಿ ಹೇಳೋದು ಸುಲಭ, ಆದ್ರೆ ಸಿಲಿಂಡರ್ ಒಂದು ಸತ್ತು ಬಿದ್ದಿರೋದಕ್ಕೆ ಪ್ಲಗ್ಗು, ಪ್ಲಗ್ಗಿಗೆ ಕರೆಂಟ್ ತರೋ ಎಚ್‌ಟಿ ವೈರು, ಇಲಿ ಕಡಿದ ವೈರಿಂಗು, ಕಂಪ್ರೆಷನ್ನು (ಸಿಲಿಂಡರ್ ಒಳಗಿನ ಒತ್ತಡ) ಹೀಗೆ ಹತ್ತು ಕಾರಣ ಇರಬಹುದು, ಇದೆಲ್ಲ ಒಂದೇ ಥರ ನಡುಗಿಸತ್ತೆ. ಯಾವುದು ಅಂತ ಗೊತ್ತಾಗೋಕೆ ಮುಂಚೆ ಪಾರ್ಟ್ ತಂದ್ರೆ ದುಡ್ಡೂ ಹೋಗತ್ತೆ, ನಡುಕವೂ ಹಾಗೇ ಉಳಿಯತ್ತೆ. ಮಲ್ಟಿಮೀಟರ್ ಇದೆ ಅಂದ್ರಲ್ಲ, ಅರ್ಧ ಕೆಲಸ ಅದ್ರಲ್ಲೇ ಮುಗಿಯತ್ತೆ. ಮತ್ತೆ ಇಂಜೆಕ್ಟರೇ ಕಾರಣ ಅಂತ ಆದ್ರೂ, ಇಷ್ಟು ದಿನ ನಿಂತ ಗಾಡೀಲಿ ಅದು ಸತ್ತಿರೋದಕ್ಕಿಂತ ಅಂಟಿಕೊಂಡಿರೋ ಸಾಧ್ಯತೆ ಜಾಸ್ತಿ, ಬಿಡಿಸಬಹುದು.

ಮೊದಲು ಒಳಗೆ ಏನಾಗಿರತ್ತೆ ಅನ್ನೋದು ಗೊತ್ತಿರಲಿ, ಆಗ ಮುಂದಿನ ಟೆಸ್ಟ್‌ಗಳು ಯಾಕೆ ಅಂತ ತಾನಾಗೇ ಅರ್ಥ ಆಗತ್ತೆ. ಎಂಪಿಎಫ್‌ಐ, ಅಂದ್ರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರೋ ಗಾಡಿಯ ಪೆಟ್ರೋಲ್ ಇಂಜೆಕ್ಟರ್ ಅಂದ್ರೆ ಒಂದು ಕರೆಂಟ್ ವಾಲ್ವ್ ಅಷ್ಟೇ. ಒಳಗೆ ತಾಮ್ರದ ಕಾಯಿಲ್, ಅದ್ರ ನಡುವೆ ಸೂಜಿ, ಸೂಜಿನ ಸೀಟಿಗೆ (ಸೂಜಿ ಕೂತು ದಾರಿ ಮುಚ್ಚೋ ಜಾಗ) ಒತ್ತಿ ಹಿಡಿಯೋ ಸ್ಪ್ರಿಂಗು, ಮೇಲ್ಗಡೆ ಸಣ್ಣ ಜಾಲರಿ ಫಿಲ್ಟರು, ಎರಡು ತುದೀಲಿ ಸೋರದ ಹಾಗೆ ರಬ್ಬರಿನ ಓ-ರಿಂಗು. ಕೀ ಆನ್ ಮಾಡಿದಾಗ ಎರಡು ಪಿನ್ನಲ್ಲಿ ಒಂದಕ್ಕೆ 12 ವೋಲ್ಟ್ ಬಂದು ನಿಂತಿರತ್ತೆ, ಇನ್ನೊಂದು ಪಿನ್ನನ್ನ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಬೇಕಾದಾಗ ಅರ್ತ್ ಮಾಡತ್ತೆ, ಆಗ ಕಾಯಿಲ್ ಮ್ಯಾಗ್ನೆಟ್ ಆಗಿ ಸೂಜಿನ ಎಳೆಯತ್ತೆ, ಸುಮಾರು 3 ಬಾರ್ ಪ್ರೆಷರಲ್ಲಿ ಕಾಯ್ತಿರೋ ಪೆಟ್ರೋಲ್ ಮಂಜಿನ ಹಾಗೆ ಹೊರಗೆ ಚಿಮ್ಮತ್ತೆ. ಐಡ್ಲಿಂಗಲ್ಲಿ ಇದು ತೆರೆದಿರೋದು 2ರಿಂದ 4 ಮಿಲಿಸೆಕೆಂಡು, ಸೂಜಿ ಮೇಲೇಳೋದು ಸುಮಾರು 0.1 ಮಿಲಿಮೀಟರ್. ಇಷ್ಟು ಸಣ್ಣ ಜಾಗ ಆಗಿರೋದ್ರಿಂದ್ಲೇ ಕಣ್ಣಿಗೆ ಕಾಣದಷ್ಟು ಅಂಟು ಸಾಕು ಅದನ್ನ ಹಿಡಿದು ನಿಲ್ಲಿಸೋಕೆ.

ಆ ಅಂಟು ಪೆಟ್ರೋಲಿಂದಲೇ ಬರೋದು. ಪೆಟ್ರೋಲ್ ಒಂದೇ ವಸ್ತು ಅಲ್ಲ, ನೂರಾರು ಹೈಡ್ರೋಕಾರ್ಬನ್ ಸೇರಿದ ಮಿಶ್ರಣ, ಗಾಡಿ ನಿಂತಾಗ ಹಗುರವಾದ ಭಾಗ ಆವಿಯಾಗಿ ಹೋಗತ್ತೆ, ಉಳಿದ ಭಾರದ ಭಾಗ ಗಾಳಿ ಜೊತೆ ಸೇರಿ ಆಕ್ಸಿಡೈಸ್ ಆಗಿ ಕಂದು ಬಣ್ಣದ ಗಮ್ ಆಗತ್ತೆ. ಈಗ ಬಂಕಲ್ಲಿ ಸಿಗೋದು ಬಹುತೇಕ ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ (ಅದನ್ನ ಪ್ರಧಾನಿ ಅಧಿಕೃತವಾಗಿ ಶುರು ಮಾಡಿದ್ದು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ). ಎಥನಾಲ್ ಗಾಳೀಲಿರೋ ತೇವ ಎಳ್ಕೊಳ್ಳತ್ತೆ, ತೇವ ಜಾಸ್ತಿ ಆದಾಗ ಎಥನಾಲ್ ಮತ್ತು ನೀರು ಒಟ್ಟಿಗೆ ಬೇರೆಯಾಗಿ ಟ್ಯಾಂಕ್ ತಳಕ್ಕೆ ಇಳಿಯತ್ತೆ, ಪಂಪು ಹೀರೋದೂ ತಳದಿಂದಲೇ. ಹಾಗಾಗಿ ಬರೀ ಗಮ್ ಅಲ್ಲ, ಸೂಜಿ ಮೇಲೆ ಸಣ್ಣಗೆ ತುಕ್ಕೂ ಹಿಡಿದಿರಬಹುದು. ಗಮ್ ಬಿಡಿಸಬಹುದು, ತುಕ್ಕು ಸೀಟನ್ನೇ ತಿಂದಿದ್ರೆ ಕಷ್ಟ, ಈ ವ್ಯತ್ಯಾಸ ನೆನಪಲ್ಲಿರಲಿ.

ಓಡಾಡೋ ಗಾಡಿಗೂ ಇದು ಬರತ್ತೆ. ಬಿಸಿ ಎಂಜಿನ್ ಆಫ್ ಮಾಡಿದ ತಕ್ಷಣ ಬಾನೆಟ್ ಒಳಗಿನ ಶಾಖ ಸ್ವಲ್ಪ ಹೊತ್ತು ಏರತ್ತೆ, ಗಾಳಿಯೂ ಇಲ್ಲ, ಪೆಟ್ರೋಲ್ ಹರಿವೂ ಇಲ್ಲ, ನಾಝಲ್ (ಇಂಜೆಕ್ಟರಿನ ಬಾಯಿ) ತುದೀಲಿ ಉಳಿದ ಒಂದು ಹನಿ ಅಲ್ಲೇ ಸುಟ್ಟು ಗಟ್ಟಿಯಾಗತ್ತೆ. ಮನೆಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ದೇವಸ್ಥಾನ, ಅಲ್ಲಿಂದ ಮನೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿ ಪದೇ ಪದೇ ಆಫ್ ಮಾಡೋ ಸಿಟಿ ಗಾಡಿಗಳಲ್ಲಿ ಇದು ಜಾಸ್ತಿ, ತುಮಕೂರು ರೋಡಲ್ಲಿ ದಿನಾ ಓಡೋ ಗಾಡಿಗೆ ಕಮ್ಮಿ.

ಈಗ ಕೆಲಸಕ್ಕೆ ಬರೋಣ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಮಾಡ್ಬೇಡಿ ಅನ್ನೋದು ಎಲ್ಲಕ್ಕಿಂತ ಮೊದಲು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಅಲ್ಲೇ ಹರಡಿ ನಿಂತಿರತ್ತೆ, ದೂರದಲ್ಲಿರೋ ಮೋಟರ್ ಸ್ವಿಚ್ಚಿನ ಕಿಡಿ ಸಾಕು. ನಿಮ್ಮದು ಮನೆ ಮುಂದೆ ಬಯಲಲ್ಲಿ ನಿಂತಿದೆ, ಒಳ್ಳೇದಾಯ್ತು. ಪಕ್ಕದಲ್ಲಿ ಎಬಿಸಿ ಪೌಡರಿನ ಫೈರ್ ಎಕ್ಸ್‌ಟಿಂಗ್ವಿಷರ್ ಇರ್ಲೇಬೇಕು, ನೀರಿನ ಬಕೆಟ್ ಪೆಟ್ರೋಲ್ ಬೆಂಕಿಗೆ ಆಗಲ್ಲ, ಹರಡಿಸಿಬಿಡತ್ತೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಅಕ್ಕಪಕ್ಕ ಯಾರೂ ಬೀಡಿ ಸಿಗರೇಟು ಹಚ್ಚದ ಹಾಗೆ ನೋಡ್ಕೊಳ್ಳಿ, ಮಕ್ಕಳನ್ನ ದೂರ ಇಡಿ.

ಯಾವ ಸಿಲಿಂಡರ್ ಸತ್ತಿದೆ ಅನ್ನೋದು ಮೊದಲ ಪ್ರಶ್ನೆ. ಎಂಜಿನ್ ಐಡ್ಲಿಂಗಲ್ಲಿ ಬಿಟ್ಟು ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಎಳೆದು ನೋಡಿ, ಮತ್ತೆ ಹಾಕಿ, ಮುಂದಿನದಕ್ಕೆ ಹೋಗಿ. ಕೆಲಸ ಮಾಡ್ತಿರೋ ಸಿಲಿಂಡರಿನದು ಎಳೆದ್ರೆ ಎಂಜಿನ್ ಇನ್ನೂ ಜೋರಾಗಿ ನಡುಗತ್ತೆ, ಇಲ್ಲ ನಿಂತೇ ಹೋಗತ್ತೆ. ಯಾವುದನ್ನ ಎಳೆದ್ರೂ ಏನೂ ವ್ಯತ್ಯಾಸ ಆಗಲ್ವೋ ಅದೇ ಸತ್ತಿರೋದು. ತುಂಬಾ ಜನ ಇದೇ ಕೆಲಸಕ್ಕೆ ಪ್ಲಗ್ ವೈರ್ ಎಳೀತಾರೆ, ಅದು ಬೇಡ, ಯಾಕಂದ್ರೆ ಆಗ ಪೆಟ್ರೋಲ್ ಒಳಗೆ ಬರ್ತಾನೇ ಇರತ್ತೆ, ಉರಿಯದೆ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಲ್ಲಿ ಉರಿದು ಅದನ್ನ ಹಾಳು ಮಾಡತ್ತೆ, ಜೊತೆಗೆ ಬಿಟ್ಟ ವೈರಿನ ಹೈ ವೋಲ್ಟೇಜ್ ದಾರಿ ಸಿಗದೆ ಪ್ಲಗ್ಗಿಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್ಲಿಗೂ ಪೆಟ್ಟು ಕೊಡತ್ತೆ. ಕನೆಕ್ಟರ್ ಎಳೆದ್ರೆ ಪೆಟ್ರೋಲೇ ನಿಲ್ಲತ್ತೆ, ಯಾರಿಗೂ ತೊಂದ್ರೆ ಇಲ್ಲ. ಡ್ಯಾಶ್‌ಬೋರ್ಡಲ್ಲಿ ಚೆಕ್ ಲೈಟ್ ಬಂದ್ರೆ ಗಾಬರಿಯಾಗ್ಬೇಡಿ, ಕೊನೇಲಿ ಅಳಿಸಬಹುದು.

ಒಂದು ಸಿಲಿಂಡರ್ ಸಿಕ್ತು ಅಂತಿಟ್ಕೊಳ್ಳಿ, ಟೈಮಿಂಗ್ ಬೆಲ್ಟ್ ಕಡೆಯಿಂದ ಎಣಿಸಿ ಮೂರನೇದು ಅಂತ. ಈಗ್ಲೂ ಇಂಜೆಕ್ಟರ್ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಆ ಸಿಲಿಂಡರಿನ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದ್ರೆ ಪೆಟ್ರೋಲ್ ಬರ್ತಿದೆ, ಕಿಡಿ ಬರ್ತಿಲ್ಲ, ಪ್ಲಗ್ಗೋ ವೈರೋ ನೋಡ್ಬೇಕು, ಇಲ್ಲ ಇಂಜೆಕ್ಟರ್ ತೆರೆದೇ ಅಂಟಿಕೊಂಡು ಸೋರ್ತಿದೆ. ಒಣಗಿ ಚೊಕ್ಕವಾಗಿದ್ರೆ ಪೆಟ್ರೋಲೇ ಬರ್ತಿಲ್ಲ. ಪಕ್ಕದ ಸಿಲಿಂಡರ್ ಪ್ಲಗ್ ಇದಕ್ಕೆ ಹಾಕಿ, ಇದರದ್ದು ಅದಕ್ಕೆ ಹಾಕಿ, ತೊಂದ್ರೆ ಪ್ಲಗ್ ಜೊತೆ ಜಾಗ ಬದಲಾಯಿಸ್ತಾ ನೋಡಿ. ಬದಲಾದ್ರೆ ಪ್ಲಗ್ಗಿನ ದುಡ್ಡಲ್ಲೇ ಕೆಲಸ ಮುಗೀತು. ಎರಡೆರಡು ಸಿಲಿಂಡರಿಗೆ ಒಂದು ಇಗ್ನಿಷನ್ ಕಾಯಿಲ್ ಇರೋ ಗಾಡಿ ಆದ್ರೆ ಕಾಯಿಲ್ ಹೋದಾಗ ಸಾಮಾನ್ಯವಾಗಿ ಜೋಡಿಯಾಗೇ ಎರಡು ಸಿಲಿಂಡರ್ ನಿಲ್ಲತ್ತೆ, ಒಂದು ಮತ್ತು ನಾಲ್ಕು, ಇಲ್ಲ ಎರಡು ಮತ್ತು ಮೂರು. ಒಂದೇ ನಿಂತಿದ್ರೆ ಕಾಯಿಲ್ ಮೇಲೆ ಅನುಮಾನ ಕಮ್ಮಿ. ಕಂಪ್ರೆಷನ್ ಗೇಜ್ ಯಾರ ಹತ್ರನಾದ್ರೂ ಸಿಕ್ಕಿದ್ರೆ ನಾಲ್ಕಕ್ಕೂ ನೋಡಿಬಿಡಿ, ದಿನಗಟ್ಟಲೆ ನಿಂತ ಎಂಜಿನಲ್ಲಿ ವಾಲ್ವ್ ಅಂಟಿಕೊಂಡಿರೋದೂ ಉಂಟು, ಆಗ ಇಂಜೆಕ್ಟರ್ ಜೊತೆ ಎಷ್ಟು ಹೋರಾಡಿದ್ರೂ ಪ್ರಯೋಜನ ಇಲ್ಲ.

ಪ್ಲಗ್ ಒಣಗಿದೆ, ಕಿಡಿ ಇದೆ, ಕಂಪ್ರೆಷನ್ ಇದೆ ಅಂದಾಗ ಇಂಜೆಕ್ಟರ್ ಕಡೆ ತಿರುಗಿ. ಅಲ್ಲೂ ಮೊದಲು ಕರೆಂಟು. ಬೆಂಗಳೂರಲ್ಲಿ ನಿಲ್ಲಿಸಿದ ಗಾಡಿಗೆ ನಾನು ಮೊದಲು ಹುಡುಕೋದು ಇಲಿ ಕಡಿದ ಗುರುತು. ಬಾನೆಟ್ ಒಳಗಿನ ಬೆಚ್ಚಗಿನ ಜಾಗ ಅವಕ್ಕೆ ಇಷ್ಟ, ಇಂಜೆಕ್ಟರ್ ವೈರು ಸರಿಯಾಗಿ ಅವು ಕೂರೋ ಎತ್ತರದಲ್ಲೇ ಇರತ್ತೆ. ಟೇಪ್ ಸುತ್ತಿದ ವೈರ್ ಕಟ್ಟು (ಹಾರ್ನೆಸ್) ಉದ್ದಕ್ಕೂ ಬೆರಳಾಡಿಸಿ ನೋಡಿ, ಟಾರ್ಚ್ ಹಿಡಿದು ಹಿಂಭಾಗಾನೂ ನೋಡಿ. ಆಮೇಲೆ ಕನೆಕ್ಟರ್ ಬಿಚ್ಚಿ ಕೀ ಆನ್ ಮಾಡಿ, ಮಲ್ಟಿಮೀಟರ್ ಕಪ್ಪು ವೈರ್ ಬ್ಯಾಟರಿ ಮೈನಸ್‌ಗೆ, ಕೆಂಪು ವೈರ್ ಕನೆಕ್ಟರಿನ ಒಂದೊಂದು ಪಿನ್ನಿಗೆ, ಒಂದರಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ತೋರಿಸ್ಬೇಕು. ಕೆಲವು ಗಾಡೀಲಿ ರಿಲೇ ಒಂದೆರಡು ಸೆಕೆಂಡಲ್ಲೇ ಬಿಟ್ಟುಬಿಡತ್ತೆ, ಅದಕ್ಕೆ ಒಬ್ಬರು ಕೀ ತಿರುಗಿಸ್ತಿರಲಿ, ನೀವು ಮೀಟರ್ ನೋಡ್ತಿರಿ. ಇನ್ನೊಂದು ಪಿನ್ನಲ್ಲಿ ಇಸಿಯು ಪಲ್ಸ್ ಬರ್ತಿದೆಯಾ ಅನ್ನೋದನ್ನ ಮೀಟರ್ ಸರಿಯಾಗಿ ತೋರಿಸಲ್ಲ, ಅದಕ್ಕೆ ಎಲ್‌ಇಡಿ ಬೇಕು. ಎಸ್‌ಪಿ ರೋಡಲ್ಲಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದ್ರೂ ಚಿಲ್ಲರೆ ಕಾಸಿಗೆ ಒಂದು ಎಲ್‌ಇಡಿ, ಒಂದು 1 ಕಿಲೋ ಓಮ್ ರೆಸಿಸ್ಟರ್ ಸಿಗತ್ತೆ, ಎರಡನ್ನೂ ಸೀರೀಸಲ್ಲಿ ಜೋಡಿಸಿ ಕನೆಕ್ಟರಿನ ಎರಡು ಪಿನ್ನಿಗೆ ಇಟ್ಟು, ಉದ್ದನೆ ಕಾಲು 12 ವೋಲ್ಟ್ ಇರೋ ಪಿನ್ನಿಗೆ ಬರೋ ಹಾಗೆ ನೋಡ್ಕೊಂಡು, ಸೆಲ್ಫ್ ಹೊಡೆಸಿ. ಮಿಣಮಿಣ ಅಂತ ಮಿಂಚಿದ್ರೆ ಇಸಿಯು, ವೈರು ಎಲ್ಲ ಸರಿ ಇದೆ ಅಂತ ಅರ್ಥ. ಹೆಡ್‌ಲೈಟ್ ಬಲ್ಬು ತಗೊಂಡು ಈ ಟೆಸ್ಟ್ ಮಾಡ್ಬೇಡಿ, ಅದು ಎಳೆಯೋ ಕರೆಂಟಿಗೆ ಇಸಿಯು ಒಳಗಿನ ಡ್ರೈವರ್ ಸುಟ್ಟುಹೋಗಬಹುದು, ಆಗ ಇಲ್ಲದ ರೋಗ ತಂದ್ಕೊಂಡ ಹಾಗಾಗತ್ತೆ.

ಕರೆಂಟ್ ಬರ್ತಿದೆ, ಹಾಗಾದ್ರೆ ಇಂಜೆಕ್ಟರ್ ಒಳಗಿನ ಕಾಯಿಲ್ ನೋಡಿ. ಮೀಟರನ್ನ ಓಮ್‌ಗೆ ತಿರುಗಿಸಿ ಇಂಜೆಕ್ಟರಿನ ಎರಡು ಪಿನ್ ಅಳೆಯಿರಿ. ಈ ಕಾಲದ ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 12ರಿಂದ 16 ಓಮ್ ಒಳಗೆ ಬರತ್ತೆ. ಸಂಖ್ಯೆಗಿಂತ ಮುಖ್ಯ ನಾಲ್ಕೂ ಒಂದೇ ಥರ ಇರೋದು. ಮೂರು 14 ತೋರಿಸಿ ನಾಲ್ಕನೇದು ಏನೂ ತೋರಿಸದೆ ಇದ್ರೆ ಕಾಯಿಲ್ ಕಟ್ ಆಗಿದೆ, ಅದನ್ನ ಯಾವ ಕ್ಲೀನರೂ ಬದುಕಿಸಲ್ಲ, ಅದೊಂದನ್ನ ಬದಲಾಯಿಸೋದೇ. ಮೂರು 14 ಇದ್ದು ಒಂದು 5 ತೋರಿಸಿದ್ರೆ ಒಳಗೆ ಶಾರ್ಟ್, ಅದೂ ಹೋಯ್ತು. ನಾಲ್ಕೂ 14ರ ಆಸುಪಾಸು ಇದ್ರೆ ಸಂತೋಷದ ಸುದ್ದಿ, ತೊಂದ್ರೆ ಸೂಜೀದು ಇಲ್ಲ ಜಾಲರೀದು, ಎರಡನ್ನೂ ಸರಿಮಾಡಬಹುದು. ನಾಲ್ಕೂ 2-3 ಓಮ್ ತೋರಿಸಿದ್ರೆ ಅದು ಬೇರೆ ಜಾತಿ, ಲೋ ಇಂಪೀಡೆನ್ಸ್, ಅದಕ್ಕೆ ನೇರ ಬ್ಯಾಟರಿ ಕೊಡೋ ಹಾಗಿಲ್ಲ, ಮೆಷೀನ್ ಇರೋರ ಹತ್ರ ಕೊಡಿ. ಇದ್ರ ಜೊತೆಗೆ ಒಂದು ಉದ್ದನೆ ಸ್ಕ್ರೂಡ್ರೈವರ್ ತಗೊಂಡು ಎಂಜಿನ್ ಓಡ್ತಿರೋವಾಗ ತುದಿ ಇಂಜೆಕ್ಟರ್ ಮೈ ಮೇಲೆ, ಹಿಡಿ ಕಿವಿಗೆ ಇಟ್ಟು ಕೇಳಿ, ಬೆಲ್ಟಿಗೆ ಫ್ಯಾನಿಗೆ ತಾಗದ ಹಾಗೆ. ಚೆನ್ನಾಗಿರೋದು ಟಕ್ ಟಕ್ ಟಕ್ ಅಂತ ಗರಿಗರಿಯಾಗಿ ಬಡಿಯತ್ತೆ. ಸೂಜಿ ಅಂಟಿಕೊಂಡಿರೋದು ಮೌನವಾಗಿರತ್ತೆ, ಇಲ್ಲ ಮಂದವಾಗಿ ಗುದ್ದಿದ ಹಾಗೆ ಕೇಳತ್ತೆ. ಗರಿಗರಿಯಾಗಿ ಬಡೀತಿದೆ, ಆದ್ರೂ ಪ್ಲಗ್ ಒಣಗಿದೆ ಅಂದ್ರೆ ಸೂಜಿ ಸರಿ ಇದೆ, ಜಾಲರಿ ಇಲ್ಲ ನಾಝಲ್ ತೂತು ಮುಚ್ಚಿಕೊಂಡಿದೆ.

ಇಲ್ಲೇ ನಿಮ್ಮ ಬಾಟ್ಲಿ ಪ್ರಶ್ನೆಗೆ ಉತ್ತರ ಇದೆ. ಟ್ಯಾಂಕಿಗೆ ಹಾಕೋ ಕ್ಲೀನರಲ್ಲಿ ಒಳ್ಳೇವು ಇವೆ, ಪಾಲಿಈಥರ್‌ಅಮೈನ್ ಇರೋವು ನಿಜವಾಗ್ಲೂ ಕೆಲಸ ಮಾಡತ್ತೆ, ಆದ್ರೆ ಅದು ಕೆಲಸ ಮಾಡ್ಬೇಕು ಅಂದ್ರೆ ಇಂಜೆಕ್ಟರ್ ಮೂಲಕ ಹಾದುಹೋಗ್ಬೇಕು. ಪೂರ್ತಿ ಅಂಟಿಕೊಂಡಿರೋದ್ರ ಮೂಲಕ ಒಂದು ಹನಿಯೂ ಹೋಗಲ್ಲ, ಚೆನ್ನಾಗಿರೋ ಮೂರರ ಮೂಲಕ ಹೋಗತ್ತೆ. ಸ್ವಲ್ಪ ಕಟ್ಟಿಕೊಂಡು ಸ್ಪ್ರೇ ಕೆಟ್ಟಿರೋ ಓಡೋ ಗಾಡಿಗೆ ಹಾಕಿ, ನಿಮ್ಮ ಈ ಸ್ಥಿತಿಗೆ ಈಗ ಬೇಡ.

ಬಿಚ್ಚೋಕೆ ಮುಂಚೆ ಒಂದು ಪ್ರಯತ್ನ ಗಾಡಿ ಮೇಲೇ ಮಾಡಬಹುದು, ಗಮ್ ತೆಳುವಾಗಿದ್ರೆ ಇಷ್ಟಕ್ಕೇ ಬಿಡತ್ತೆ. ಫ್ಯೂಯಲ್ ಪಂಪ್ ಫ್ಯೂಸ್ ಇಲ್ಲ ರಿಲೇ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲೋ ತನಕ ಬಿಡಿ, ಇನ್ನೊಂದೆರಡು ಸೆಕೆಂಡ್ ಸೆಲ್ಫ್ ಹೊಡೆಸಿ, ಪೈಪಲ್ಲಿರೋ ಪ್ರೆಷರ್ ಇಳಿಯತ್ತೆ. ಆಮೇಲೆ ಸತ್ತ ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿ, ಎರಡು ಉದ್ದ ವೈರಲ್ಲಿ 12 ವೋಲ್ಟ್ ತಂದು, ನಡುವೆ ಒಂದು ಹಾರ್ನ್ ಸ್ವಿಚ್ ಹಾಕಿ, ಟಕ್ ಅಂತ ಒತ್ತಿ ತಕ್ಷಣ ಬಿಡಿ, ಮತ್ತೆ ಒತ್ತಿ ಬಿಡಿ. ಪ್ಲಸ್ ಮೈನಸ್ ಯಾವ ಪಿನ್ನಿಗಾದ್ರೂ ಪರವಾಗಿಲ್ಲ. ಒತ್ತಿ ಹಿಡ್ಕೊಂಡು ಕೂರಬೇಡಿ, 14 ಓಮ್ ಕಾಯಿಲ್ 12 ವೋಲ್ಟಲ್ಲಿ ಒಂದು ಆಂಪಿಯರ್ ಹತ್ರ ಎಳೆಯತ್ತೆ, ಮಿಲಿಸೆಕೆಂಡಿನ ಲೆಕ್ಕಕ್ಕೆ ಮಾಡಿರೋ ಕಾಯಿಲ್ ಅದು, ಒಳಗೆ ತಂಪು ಮಾಡೋ ಪೆಟ್ರೋಲ್ ಹರಿವೂ ಇಲ್ಲದೆ ಬಿಸಿಯಾಗಿ ಸುಟ್ಟುಹೋಗತ್ತೆ. ಒತ್ತುತ್ತಾ ಇರೋವಾಗ್ಲೇ ಸ್ಕ್ರೂಡ್ರೈವರ್ ಹಿಡಿಯಿಂದ ಇಂಜೆಕ್ಟರಿನ ಲೋಹದ ಭಾಗಕ್ಕೆ ಮೆಲ್ಲಗೆ ತಟ್ಟಿ, ಪ್ಲಾಸ್ಟಿಕ್ ಕನೆಕ್ಟರ್ ಭಾಗಕ್ಕೆ ತಟ್ಟಬೇಡಿ. ಸದ್ದಿಲ್ಲದೆ ಇದ್ದದ್ದು ಟಕ್ ಅನ್ನೋಕೆ ಶುರು ಮಾಡಿದ್ರೆ ಬಿಟ್ಟುಕೊಂಡಿದೆ, ಫ್ಯೂಸ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿ ನೋಡಿ. ಹೀಗೆ ಬಿಟ್ಟುಕೊಂಡ್ರೂ ಒಳಗಿನ ಗಮ್ ಅಲ್ಲೇ ಇದೆ, ಹಾಗಾಗಿ ಸ್ವಲ್ಪ ದಿನದಲ್ಲಿ ಬಿಚ್ಚಿ ಕ್ಲೀನ್ ಮಾಡ್ಲೇಬೇಕು.

ಬಿಚ್ಚೋದಾದ್ರೆ, ಪ್ರೆಷರ್ ಇಳಿಸಿ, ಬ್ಯಾಟರಿ ಮೈನಸ್ ತೆಗೆದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಶುರು ಮಾಡಿ. ಇಂಜೆಕ್ಟರ್ ಸುತ್ತ ಕೂತಿರೋ ಧೂಳು ಮಣ್ಣನ್ನ ಮೊದಲು ಬ್ರಷ್ಷಲ್ಲಿ ಉಜ್ಜಿ ಗಾಳಿ ಹೊಡೆದು ತೆಗೀರಿ, ಇಲ್ಲಾಂದ್ರೆ ಇಂಜೆಕ್ಟರ್ ಎಳೆದ ಕೂಡಲೇ ಆ ಮಣ್ಣು ನೇರ ವಾಲ್ವ್ ಮೇಲೆ ಬೀಳತ್ತೆ. ಪೈಪ್ ಜಾಯಿಂಟ್ ಸುತ್ತ ಬಟ್ಟೆ ಹಿಡಿದು ಬಿಚ್ಚಿ, ಒಂದಿಷ್ಟು ಪೆಟ್ರೋಲ್ ಬಂದೇ ಬರತ್ತೆ. ರೇಲಿನ (ನಾಲ್ಕೂ ಇಂಜೆಕ್ಟರಿಗೆ ಪೆಟ್ರೋಲ್ ಹಂಚೋ ಕೊಳವೆ) ಬೋಲ್ಟ್ ತೆಗೆದು ರೇಲನ್ನ ಎರಡೂ ಕಡೆ ಸಮವಾಗಿ ಅಲ್ಲಾಡಿಸ್ತಾ ಮೇಲೆತ್ತಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಇಂಜೆಕ್ಟರ್ ಹೊರಗೆ ಬಂದ ತಕ್ಷಣ ನಾಲ್ಕು ತೂತನ್ನೂ ಬಟ್ಟೆಯಲ್ಲಿ ಮುಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಟೇಪಲ್ಲಿ ನಂಬರ್ ಅಂಟಿಸಿ. ರೇಲ್ ಮೇಲೆ ವ್ಯಾಕ್ಯೂಮ್ ಪೈಪ್ ಇರೋ ಪ್ರೆಷರ್ ರೆಗ್ಯುಲೇಟರ್ ಇದ್ರೆ ಆ ಪೈಪ್ ಎಳೆದು ಮೂಸಿ ನೋಡಿ, ಒಳಗೆ ಪೆಟ್ರೋಲ್ ಹಸಿ ಇದ್ರೆ ರೆಗ್ಯುಲೇಟರ್ ಡಯಾಫ್ರಾಮ್ ಹರಿದಿದೆ, ಅದೂ ಗಾಡಿ ಜಾಸ್ತಿ ಪೆಟ್ರೋಲ್ ಕುಡಿಯೋ ಹಾಗೆ ಮಾಡತ್ತೆ.

ಈಗ ಬದುಕಿಸೋ ಕೆಲಸ, ಇದಕ್ಕೆ ತಾಳ್ಮೆ ಬೇಕು. ಹಲಸಿನ ಹಣ್ಣಿನ ಮೇಣ ಕೈಗೆ ಹತ್ತಿದ್ರೆ ಉಜ್ಜಿ ಉಜ್ಜಿ ಹೋಗಲ್ಲ, ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ರೆ ತಾನಾಗೇ ಬಿಡತ್ತೆ, ಇದೂ ಹಾಗೇ, ಶಕ್ತಿಗಿಂತ ನೆನೆಯೋ ಸಮಯ ಮುಖ್ಯ. ಹಳೇ ಓ-ರಿಂಗ್ ತೆಗೆದು ಎಸೀರಿ. ಒಂದು ಸಣ್ಣ ಗಾಜಿನ ಲೋಟದಲ್ಲಿ ಕಾರ್ಬ್ ಕ್ಲೀನರ್ ಇಲ್ಲ ಇಂಜೆಕ್ಟರ್ ಕ್ಲೀನರ್ ಹಾಕಿ ನಾಝಲ್ ತುದಿ ಮಾತ್ರ ಮುಳುಗೋ ಹಾಗೆ ನಿಲ್ಲಿಸಿ, ಕನೆಕ್ಟರ್ ಭಾಗ ಮುಳುಗಬಾರದು, ಪ್ಲಾಸ್ಟಿಕ್ಕಿಗೆ ಅದು ಆಗಲ್ಲ. ರಾತ್ರಿ ನೆನೆಯೋಕೆ ಬಿಟ್ಟು ಬೆಳಗ್ಗೆ ನೋಡಿದ್ರೆ ಕ್ಲೀನರ್ ಟೀ ಬಣ್ಣಕ್ಕೆ ತಿರುಗಿರತ್ತೆ. ಪಿನ್ನು, ಸೂಜಿ, ವೈರ್ ಬ್ರಷ್ ಇಂಥದ್ದನ್ನ ನಾಝಲ್ ತೂತಿಗೆ ಹಾಕಲೇಬೇಡಿ. ಆ ತೂತಿನ ಅಂಚು ಎಷ್ಟು ಚೂಪಾಗಿದೆ ಅನ್ನೋದ್ರ ಮೇಲೇ ಸ್ಪ್ರೇ ಆಕಾರ ನಿಂತಿರೋದು, ಒಂದು ಗೀರು ಬಿದ್ರೆ ಇಂಜೆಕ್ಟರ್ ಜೀವನಪೂರ್ತಿ ಒಂದು ಕಡೆಗೇ ಉಗುಳತ್ತೆ.

ಆಮೇಲೆ ಮೆಡಿಕಲ್ ಶಾಪಿಂದ 20 ಎಂಎಲ್ ಸಿರಿಂಜ್ ತಂದು, ಪೆಟ್ರೋಲ್ ತಡೆಯೋ ಒಂದು ತುಂಡು ಪೈಪಿಂದ ಅದನ್ನ ಇಂಜೆಕ್ಟರಿನ ಮೇಲ್ಬಾಯಿಗೆ ಬಿಗಿಯಾಗಿ ಸೇರಿಸಿ ಕ್ಲಿಪ್ ಹಾಕಿ, ಸಿರಿಂಜಲ್ಲಿ ಕ್ಲೀನರ್ ತುಂಬಿ. ವೈರ್ ಕನೆಕ್ಟರ್ ಮೊದಲು ಸಿಕ್ಕಿಸಿ, ಬ್ಯಾಟರಿ ಮತ್ತು ಹಾರ್ನ್ ಸ್ವಿಚ್ಚನ್ನ ಎರಡು ಮೂರು ಮೀಟರ್ ದೂರ ಇಡಿ, ಗಾಳಿ ಆ ಕಡೆಯಿಂದ ನಿಮ್ಮ ಕಡೆ ಬೀಸೋ ಹಾಗೆ. ಇದು ಅತಿ ಜಾಗ್ರತೆ ಅಲ್ಲ, ಕಾಯಿಲ್ಲಿಗೆ ಹೋಗೋ ಕರೆಂಟ್ ಕಟ್ ಮಾಡಿದ ಕ್ಷಣ ಅದು ವಾಪಸ್ ಜೋರು ವೋಲ್ಟೇಜ್ ಕೊಡತ್ತೆ, ಸ್ವಿಚ್ಚಲ್ಲಿ ಕಿಡಿ ಹಾರೋದು ಆಗ್ಲೇ, ಈ ಕಡೆ ನಿಮ್ಮ ಕೈಲಿ ಬೆಂಕಿ ಹಿಡಿಯೋ ಆವಿ ಚಿಮ್ತಾ ಇರತ್ತೆ. ಇಬ್ಬರು ಇದ್ರೆ ಒಬ್ಬರು ಸ್ವಿಚ್ ಒತ್ತಲಿ, ಒಬ್ಬರು ಸಿರಿಂಜ್ ಒತ್ತಲಿ. ನಾಝಲ್ಲನ್ನ ಒಂದು ಗಾಜಿನ ಬಾಟ್ಲಿ ಒಳಗೆ ಹಿಡಿದು, ಸಿರಿಂಜ್ ಮೇಲೆ ಸಮವಾಗಿ ಒತ್ತಡ ಕೊಡ್ತಾ, ಸ್ವಿಚ್ ಅರ್ಧ ಸೆಕೆಂಡ್ ಒತ್ತಿ ಬಿಡಿ. ಮೊದಲು ಏನೂ ಬರದೆ ಇರಬಹುದು, ಬಿಡಬೇಡಿ, ಹತ್ತು ಹದಿನೈದು ಸಲ ಒತ್ತಿ, ಕಾಯಿಲ್ ಬೆಚ್ಚಗಾದ್ರೆ ನಿಲ್ಲಿಸಿ, ಮತ್ತೆ ಸ್ವಲ್ಪ ಹೊತ್ತು ನೆನೆಸಿ, ಮತ್ತೆ ಒತ್ತಿ. ಬಿಟ್ಟುಕೊಳ್ಳೋವಾಗ ಮೊದಲು ಒಂದು ಹನಿ ಜಾರತ್ತೆ, ಆಮೇಲೆ ವಕ್ರವಾಗಿ ಒಂದು ಧಾರೆ, ಇನ್ನೂ ಸ್ವಲ್ಪ ಹೊತ್ತಿಗೆ ಧಾರೆ ಒಡೆದು ಸ್ಪ್ರೇ ಆಗತ್ತೆ. ಕೈ ಸಿರಿಂಜಿಂದ 3 ಬಾರ್ ಬರಲ್ಲ, ಹಾಗಾಗಿ ಗಾಡೀಲಿ ಬರೋ ಅಷ್ಟು ನುಣ್ಣನೆ ಮಂಜು ಇಲ್ಲಿ ಬರ್ಲಿಲ್ಲ ಅಂತ ಬೇಜಾರಾಗ್ಬೇಡಿ, ನಾಲ್ಕೂ ಒಂದೇ ಥರ ಬರ್ತಿದೆಯಾ ಅನ್ನೋದನ್ನ ನೋಡಿ.

ಉಲ್ಟಾ ದಿಕ್ಕಲ್ಲಿ ತೊಳೆಯೋದು ಇನ್ನೂ ಒಳ್ಳೇದು, ಅಂದ್ರೆ ನಾಝಲ್ ಕಡೆಯಿಂದ ಕ್ಲೀನರ್ ಒಳಗೆ ನೂಕಿ ಮೇಲ್ಬಾಯಿಂದ ಕೊಳೆ ಹೊರಗೆ ತರೋದು. ಆದ್ರೆ ಅದಕ್ಕೆ ಮೇಲಿನ ಜಾಲರಿ ಫಿಲ್ಟರ್ ಕೀಳಬೇಕು, ಇಲ್ಲಾಂದ್ರೆ ಕೊಳೆ ಜಾಲರೀಲೇ ಸಿಕ್ಕಿಕೊಳ್ಳತ್ತೆ. ಕಿತ್ತ ಜಾಲರಿ ವಾಪಸ್ ಹಾಕೋಕೆ ಬರಲ್ಲ, ಹೊಸದು ಬೇಕು, ಮೊದಲು ಜೆಸಿ ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡೀಲಿ ನಿಮ್ಮ ಇಂಜೆಕ್ಟರ್ ತೋರಿಸಿ ಫಿಲ್ಟರ್, ಓ-ರಿಂಗ್ ಕಿಟ್ ತಂದಿಟ್ಟುಕೊಂಡು ಆಮೇಲೆ ಕೀಳಿ. ಓ-ರಿಂಗ್ ಕೇಳೋವಾಗ ವೈಟಾನ್‌ದು ಕೇಳಿ, ಎಥನಾಲ್ ತಡೆಯತ್ತೆ, ಸಾದಾ ಕಪ್ಪು ರಬ್ಬರ್ ಉಬ್ಬಿ ಬಿರುಕು ಬಿಡೋದು ಬೇಗ.

ಬಿಟ್ಟುಕೊಂಡ ಮೇಲೆ ಎರಡು ಪರೀಕ್ಷೆ ಬಾಕಿ. ಒಂದು, ಸಿರಿಂಜ್ ಒತ್ತಡ ಹಾಗೇ ಇಟ್ಟು ಕರೆಂಟ್ ಕೊಡದೆ ಒಂದು ನಿಮಿಷ ನಾಝಲ್ ತುದಿ ನೋಡಿ. ನಿಮಿಷಕ್ಕೆ ಒಂದು ಹನಿಗಿಂತ ಜಾಸ್ತಿ ಬೀಳಬಾರದು. ಬೀಳ್ತಿದ್ರೆ ಸೀಟ್ ಹಾಳಾಗಿದೆ ಇಲ್ಲ ಕೊಳೆ ಸಿಕ್ಕಿದೆ, ಮತ್ತೆ ತೊಳೀರಿ, ಆಗ್ಲೂ ಸೋರಿದ್ರೆ ಆ ಇಂಜೆಕ್ಟರ್ ಗಾಡಿಗೆ ಹಾಕ್ಬೇಡಿ, ಈ ವಿಷಯದಲ್ಲಿ ನಾನು ರಾಜಿ ಆಗಲ್ಲ. ಮುಚ್ಚಿ ಅಂಟಿಕೊಂಡದ್ದು ಬರೀ ನಡುಗಿಸತ್ತೆ, ತೆರೆದು ಅಂಟಿಕೊಂಡದ್ದು ಎಂಜಿನ್ನನ್ನೇ ಕೊಲ್ಲತ್ತೆ. ಪೆಟ್ರೋಲ್ ಸಿಲಿಂಡರ್ ಗೋಡೆ ಮೇಲಿನ ಆಯಿಲ್ ತೊಳೆದು ಎಂಜಿನ್ ತಳದ ಆಯಿಲ್ ಸಂಪ್ ಒಳಗೆ ಇಳಿಯತ್ತೆ, ಆಯಿಲ್ ತೆಳುವಾಗಿ ಬೇರಿಂಗ್ ಸವೆಯತ್ತೆ, ರಾತ್ರಿಯೆಲ್ಲ ಸೋರಿ ಸಿಲಿಂಡರ್ ತುಂಬಿದ್ರೆ ಬೆಳಗ್ಗೆ ಸೆಲ್ಫ್ ಹೊಡೆದಾಗ ಪಿಸ್ಟನ್ ದ್ರವಕ್ಕೆ ಡಿಕ್ಕಿ ಹೊಡೆದು ಕನೆಕ್ಟಿಂಗ್ ರಾಡೇ ಬಗ್ಗಬಹುದು. ಎರಡನೇದು, ನಾಲ್ಕಕ್ಕೂ ಒಂದೇ ಒತ್ತಡದಲ್ಲಿ ಒಂದೇ ಲೆಕ್ಕದ ಪಲ್ಸ್ ಕೊಟ್ಟು ಬಂದಿದ್ದನ್ನ ಸಿರಪ್ ಜೊತೆ ಬರೋ ಅಳತೆ ಮುಚ್ಚಳದಲ್ಲಿ ಹಿಡಿದು ಹೋಲಿಸಿ. ಮೆಷೀನ್ ಇರೋರು ಸುಮಾರು 5 ಪರ್ಸೆಂಟ್ ಒಳಗೆ ವ್ಯತ್ಯಾಸ ಇರೋ ಹಾಗೆ ನೋಡ್ತಾರೆ, ಮನೆ ವಿಧಾನದಲ್ಲಿ ಅಷ್ಟು ನಿಖರ ಆಗಲ್ಲ, ಆದ್ರೆ ಒಂದು ಮಾತ್ರ ಅರ್ಧದಷ್ಟೇ ಕೊಡ್ತಿದ್ರೆ ಕಣ್ಣಿಗೇ ಕಾಣತ್ತೆ.

ಮನೇಲಿ ಇದೆಲ್ಲ ಆಗಲ್ಲ ಅನ್ಸಿದ್ರೆ, ಇಲ್ಲ ಎರಡು ಸಲ ನೆನೆಸಿದ್ರೂ ಬಿಡಲಿಲ್ಲ ಅಂದ್ರೆ ಅಲ್ಟ್ರಾಸಾನಿಕ್ ಮೆಷೀನ್ ಇರೋರಿಗೆ ಕೊಡಿ. ನಮ್ಮೂರಿಗೆ ಪಂಪು ನಾಝಲ್ ಕೆಲಸ ಹೊಸದಲ್ಲ, 1951ರಲ್ಲಿ ಶುರುವಾದ ಮೈಕೋ ಆಡುಗೋಡಿಯಲ್ಲಿ ಡೀಸೆಲ್ ಇಂಜೆಕ್ಷನ್ ಪಂಪು, ಸ್ಪಾರ್ಕ್ ಪ್ಲಗ್ ಮಾಡ್ತಿತ್ತು, 2008ರಲ್ಲಿ ಅದ್ರ ಹೆಸರು ಬಾಷ್ ಆಯ್ತು, ಹಾಗಾಗಿ ಡೀಸೆಲ್ ನಾಝಲ್ ಗೊತ್ತಿರೋ ಅಂಗಡಿ ಬೇಕಾದಷ್ಟಿವೆ. ಆದ್ರೆ ಡೀಸೆಲ್ ಅಂಗಡಿ ಎಲ್ಲದ್ರಲ್ಲೂ ಪೆಟ್ರೋಲ್ ಇಂಜೆಕ್ಟರ್ ಮೆಷೀನ್ ಇರಲ್ಲ, ಫೋನಲ್ಲೇ ಕೇಳ್ಕೊಂಡು ಹೋಗಿ. ನಾಲ್ಕನ್ನೂ ಬಿಚ್ಚಿ ಕೈಯಲ್ಲಿ ತಗೊಂಡು ಹೋಗಿ, ಕ್ಲೀನ್ ಮಾಡೋಕೆ ಮುಂಚೆ ಒಂದ್ಸಲ, ಆದ ಮೇಲೆ ಒಂದ್ಸಲ ಗಾಜಿನ ಟ್ಯೂಬಲ್ಲಿ ಎಷ್ಟೆಷ್ಟು ಬಂತು ಅಂತ ತೋರಿಸಿ ಅನ್ನಿ, ಲೀಕ್ ಟೆಸ್ಟೂ ನಿಮ್ಮ ಕಣ್ಣ ಮುಂದೇ ಆಗಲಿ. ತೋರಿಸೋಕೆ ಒಪ್ಪೋರ ಹತ್ರಾನೇ ಮಾಡಿಸಿ. ಸಾಮಾನ್ಯವಾಗಿ ನಾಲ್ಕೂ ಕ್ಲೀನ್ ಮಾಡಿಸೋ ಖರ್ಚು ನಾಲ್ಕು ಹೊಸ ಇಂಜೆಕ್ಟರಿಗಿಂತ ಕಮ್ಮಿ.

ವಾಪಸ್ ಹಾಕೋವಾಗ ಹೊಸ ಓ-ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಗ್ರೀಸ್ ಬೇಡ, ತಿರುಗಿಸ್ತಾ ಮೆಲ್ಲಗೆ ಕೂರಿಸಿ. ಸ್ಟಾರ್ಟ್ ಮಾಡೋಕೆ ಮುಂಚೆ ಕೀ ಆನ್ ಆಫ್ ಮಾಡಿ ಎರಡು ಮೂರು ಸಲ ಪಂಪ್ ಓಡಿಸಿ ಪ್ರೆಷರ್ ಏರಿಸಿ, ಪ್ರತಿ ಜಾಯಿಂಟ್ ಸುತ್ತ ಟಾರ್ಚ್ ಹಾಕಿ ನೋಡಿ, ಬೆರಳು ಸವರಿ ನೋಡಿ. ಒಂದು ಹನಿ ಕಂಡ್ರೂ ಸ್ಟಾರ್ಟ್ ಮಾಡ್ಬೇಡಿ, ಬಿಚ್ಚಿ ಓ-ರಿಂಗ್ ಮಡಚಿಕೊಂಡಿದೆಯಾ ನೋಡಿ.

ಇಷ್ಟೆಲ್ಲ ಮಾಡಿ ಅದೇ ಹಳೇ ಪೆಟ್ರೋಲಲ್ಲಿ ಓಡಿಸಿದ್ರೆ ತಿಂಗಳಲ್ಲಿ ವಾಪಸ್ ಇದೇ ಜಾಗಕ್ಕೆ ಬರ್ತೀರಿ, ಹಾಗಾಗಿ ಇಂಜೆಕ್ಟರ್ ಹೊರಗಿರೋವಾಗ್ಲೇ ಟ್ಯಾಂಕ್ ಖಾಲಿ ಮಾಡಿಸಿ. ಕೆಟ್ಟ ಪೆಟ್ರೋಲ್ ಪೇಂಟಿನ ಹಾಗೆ ಹುಳಿ ಹುಳಿ ವಾಸನೆ ಬರತ್ತೆ, ಬಣ್ಣ ಕಂದು ಆಗಿರತ್ತೆ. ಒಂದು ಗಾಜಿನ ಬಾಟ್ಲೀಲಿ ಹಿಡಿದಿಟ್ರೆ ತಳದಲ್ಲಿ ಬೇರೆ ಪದರ ಕಂಡ್ರೆ ಅದು ನೀರು ಮತ್ತು ಎಥನಾಲ್. ಇದನ್ನ ಮೋರಿಗೆ ಸುರೀಬೇಡಿ, ದಯವಿಟ್ಟು, ಮುಚ್ಚಿದ ಮೋರೀಲಿ ಆವಿ ತುಂಬಿ ಬೀದಿಯವರಿಗೆಲ್ಲ ಅಪಾಯ. ಮುಚ್ಚಳ ಇರೋ ಲೋಹದ ಕ್ಯಾನಲ್ಲಿ ತುಂಬಿ, ತಗೊಳ್ಳೋ ಗ್ಯಾರೇಜಿಗೆ ಕೊಡಿ. ಫ್ಯೂಯಲ್ ಫಿಲ್ಟರ್ ಹೊಸದು ಹಾಕಿ, ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಇದ್ರೆ ಆಯಿಲ್ಲೂ ಬದಲಾಯಿಸಿ, ಒಂದೂವರೆ ವರ್ಷ ನಿಂತಿದೆ ಅಂದ್ರೆ ವಾಸನೆ ಇಲ್ಲದಿದ್ರೂ ಬದಲಾಯಿಸೋದೇ ಸರಿ. ಹೊಸ ಪೆಟ್ರೋಲ್ ಹಾಕಿ ಒಂದು ದಿನ ನೆಲಮಂಗಲದ ಕಡೆಗೋ ರಾಮನಗರದ ಕಡೆಗೋ ಒಂದೇ ಸಮ ಓಡಿಸ್ಕೊಂಡು ಬನ್ನಿ, ಬೇಕಾದ್ರೆ ಆ ಟ್ಯಾಂಕಿಗೆ ಕ್ಲೀನರ್ ಬಾಟ್ಲಿ ಹಾಕಿ, ಈಗ ಅದು ನಾಲ್ಕರ ಮೂಲಕವೂ ಹೋಗತ್ತೆ. ಎಮಿಷನ್ ಟೆಸ್ಟ್ ಮಾಡಿಸೋದು ಬಾಕಿ ಇದ್ರೆ ಇದಾದ ಮೇಲೆ ಮಾಡಿಸಿ. ಚೆಕ್ ಲೈಟ್ ಉಳಿದಿದ್ರೆ ಸ್ಕ್ಯಾನರ್ ಇರೋರ ಹತ್ರ ಅಳಿಸಿಕೊಳ್ಳಿ.

ಈ ಉತ್ತರ ಓದೋರಲ್ಲಿ ಡೀಸೆಲ್ ಗಾಡಿಯವರೂ ಇರ್ತಾರೆ, ಅವರಿಗೆ ಒಂದೇ ಮಾತು: ಮೇಲೆ ಹೇಳಿದ್ದು ಯಾವುದೂ ಕಾಮನ್ ರೇಲ್ ಡೀಸೆಲ್‌ಗೆ ಅಲ್ಲ. ಅಲ್ಲಿ ಪ್ರೆಷರ್ ಸಾವಿರ ಬಾರ್ ದಾಟತ್ತೆ, ಆ ಧಾರೆ ಚರ್ಮ ತೂರಿ ಒಳಗೆ ಹೋಗತ್ತೆ, ಪೈಪ್ ಮುಟ್ಟೋಕೂ ಹೋಗ್ಬೇಡಿ.

ಕೊನೇದಾಗಿ ಗುಜರಿ ಇಂಜೆಕ್ಟರ್ ಪ್ರಶ್ನೆ. ನಿಮ್ಮ ಕಾಯಿಲ್ ಕಟ್ ಆಗಿದೆ ಇಲ್ಲ ಸೀಟ್ ಸೋರ್ತಿದೆ ಅಂತ ಸಾಬೀತಾದ್ರೆ ಶಿವಾಜಿನಗರದ ಗುಜರಿಯಿಂದ ಒಂದು ತರೋದ್ರಲ್ಲಿ ತಪ್ಪೇನೂ ಇಲ್ಲ, ಅದೂ ಲೋಹ, ತೊಳೆದ್ರೆ ನಡೆಯತ್ತೆ. ಆದ್ರೆ ನೋಡೋಕೆ ಒಂದೇ ಥರ ಇರೋದು, ಕನೆಕ್ಟರ್ ಕೂರೋದು ಸಾಕಾಗಲ್ಲ, ಮೈ ಮೇಲೆ ಅಚ್ಚಾಗಿರೋ ಪಾರ್ಟ್ ನಂಬರ್ ನಿಮ್ಮದಕ್ಕೆ ಪೂರ್ತಿ ಹೊಂದಬೇಕು, ಯಾಕಂದ್ರೆ ಒಂದೇ ಆಕಾರದ ಇಂಜೆಕ್ಟರುಗಳು ಬೇರೆ ಬೇರೆ ಎಂಜಿನ್ನಿಗೆ ನಿಮಿಷಕ್ಕೆ ಬೇರೆ ಬೇರೆ ಅಳತೆ ಪೆಟ್ರೋಲ್ ಕೊಡೋ ಹಾಗೆ ಮಾಡಿರ್ತಾರೆ. ಮಲ್ಟಿಮೀಟರ್ ಜೇಬಲ್ಲಿ ಇಟ್ಕೊಂಡು ಹೋಗಿ, ಅಂಗಡೀಲೇ ಓಮ್ ಅಳೆದು, ನಿಮ್ಮ ಉಳಿದ ಮೂರಕ್ಕೆ ಹೊಂದಿದ್ರೆ ಮಾತ್ರ ದುಡ್ಡು ಕೊಡಿ. ತಂದಿದ್ದನ್ನ ಹಾಗೇ ಸಿಕ್ಕಿಸ್ಬೇಡಿ, ಅದನ್ನೂ ನೆನೆಸಿ, ಸಿರಿಂಜ್ ಹಾಕಿ, ಹನಿ ನೋಡಿ, ಉಳಿದ ಮೂರರ ಜೊತೆ ಅಳತೆ ಹೋಲಿಸಿ, ಆಮೇಲೆ ಗಾಡಿಗೆ ಹಾಕಿ.